ಕೈಗುಣಕ್ಕೊಂದು ನೋಂದಣಿ ಸಂಖ್ಯೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮೈಕೈ ನೋವಿಗೆ ಎಂದೂ ಬರವಿಲ್ಲ. ಕಾಲಿಗೆ ತಳೆ ಕಟ್ಟಿ ದಿನಕ್ಕೆ ಹತ್ತಾರು ಅಡಿಕೆ ಮರ ಏರಿ ಇಳಿಯುವವರ ಮೊಣಕಾಲು, ಮಡಿಲಲ್ಲಿ ಗೆರಸೆ ಇಟ್ಟು ಬೆಳಗಿನಿಂದ ಸಂಜೆಯ ತನಕ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ನಸುಕಿಗೇ ರಬ್ಬರು ತೋಟಕ್ಕೆ ಹೋಗುವವರ ಸೊಂಟ, ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಓಡುವವರ ತೊಡೆ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಪದಕಕ್ಕಾಗಿ ಬೆವರು ಸುರಿಸುವ ಹುಡುಗ ಹುಡುಗಿಯರ ಹಿಮ್ಮಡಿ - ಎಲ್ಲಕ್ಕೂ ಒಂದಲ್ಲ ಒಂದು ದಿನ ಯಾರಾದರೊಬ್ಬರ ಕೈ ಬೇಕಾಗುತ್ತದೆ.

ಆ ಕೈ ಯಾರದ್ದು? ಮೊದಲು ಮನೆಯವರದ್ದು. ಎಣ್ಣೆ ಬಿಸಿ ಮಾಡಿ ತಿಕ್ಕಿ ನೋಡುತ್ತಾರೆ. ಆಮೇಲೆ ಉಳುಕು ತೆಗೆಯುವ, ಎಲುಬು ಕಟ್ಟುವ ಪಂಡಿತರದ್ದು. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ, ಎಕ್ಸ್‌ರೇ, ಗುಳಿಗೆ. ಇವೆಲ್ಲ ಮುಗಿದ ಮೇಲೆ ಯಾರೋ ಹೇಳುತ್ತಾರೆ: ‘ಬಿ.ಸಿ. ರೋಡಿನಲ್ಲಿ ಕರೆಂಟು ಕೊಡುವವರಿದ್ದಾರಂತೆ, ಒಮ್ಮೆ ಹೋಗಿ ಬನ್ನಿ.’

‘ಕರೆಂಟು ಕೊಡುವವರು’, ‘ಎಕ್ಸರ್‌ಸೈಸ್ ಮಾಡಿಸುವವರು’ - ಫಿಸಿಯೋಥೆರಪಿಸ್ಟರಿಗೆ ಹಳ್ಳಿಗಳಲ್ಲಿ ಇರುವ ಹೆಸರುಗಳು ಇವೇ. ಆ ಕೊಠಡಿಯಲ್ಲಿ ನಮ್ಮ ಬೆನ್ನಿನ ಮೇಲೆ ಕೈಯಿಡುವವರು ಏನು ಕಲಿತಿದ್ದಾರೆ, ಎಲ್ಲಿ ಕಲಿತಿದ್ದಾರೆ, ತಪ್ಪು ಮಾಡಿದರೆ ಯಾರಿಗೆ ಉತ್ತರ ಕೊಡಬೇಕು ಎಂದು ಕೇಳಿದವರು ಎಷ್ಟು ಮಂದಿ? ಕೇಳಿದ್ದರೂ ಕರ್ನಾಟಕದಲ್ಲಿ ಬಹಳ ವರ್ಷಗಳ ಕಾಲ ಅದಕ್ಕೆ ನೇರ ಉತ್ತರ ಸಿಗುವಂತಿರಲಿಲ್ಲ. ಡಾಕ್ಟರರಿಗೆ ವೈದ್ಯಕೀಯ ಪರಿಷತ್ತು ಇತ್ತು, ನರ್ಸುಗಳಿಗೆ ನರ್ಸಿಂಗ್ ಪರಿಷತ್ತು ಇತ್ತು, ಔಷಧಿ ಅಂಗಡಿಯವರಿಗೂ ಫಾರ್ಮಸಿ ಪರಿಷತ್ತು ಇತ್ತು. ನಾಲ್ಕೂವರೆ ವರ್ಷ ಓದಿ ಹೊರಬಂದ ಫಿಸಿಯೋಥೆರಪಿ ಪದವೀಧರರಿಗೆ ಮಾತ್ರ ಹೆಸರು ಬರೆಸಲು ರಾಜ್ಯದಲ್ಲಿ ಒಂದು ಪುಸ್ತಕ ಇರಲಿಲ್ಲ!

ಆ ಪುಸ್ತಕ ಈಗ ಬಂದಿದೆ. ಅದು ಬಂದ ಬಗೆ, ಹೊಸದಾಗಿ ಕಲಿತು ಬರುವವರಿಗೆ ಅದು ಹಾಕುವ ಕಟ್ಟಳೆ, ನಮ್ಮ ಊರಿನ ರೋಗಿಗೆ ಅದರಿಂದ ಆಗುವ ಉಪಕಾರ - ಈ ಮೂರನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಕೈ ಇಡುವುದಕ್ಕಿಂತ ತೆಗೆಯುವುದು ಮುಖ್ಯ

‘ಉಜ್ಜುವುದಕ್ಕೂ ಪದವಿ ಬೇಕೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಹಿರಿಯರಲ್ಲಿ ಒಳ್ಳೆಯ ಕೈಗುಣದವರು ಎಷ್ಟೋ ಮಂದಿ ಇದ್ದರು. ಅವರಿಂದ ಗುಣ ಕಂಡವರೂ ಸಾವಿರಾರು ಜನ.

ಆದರೆ ಫಿಸಿಯೋಥೆರಪಿ ಕಾಲೇಜಿನಲ್ಲಿ ಕಲಿಸುವುದು ಉಜ್ಜುವುದನ್ನಲ್ಲ. ಅಂಗರಚನೆ, ಶರೀರಕ್ರಿಯೆ, ಸ್ನಾಯು ಕೀಲುಗಳು ಕೆಲಸ ಮಾಡುವ ಲೆಕ್ಕ, ನರರೋಗ, ಹೃದಯ ಶ್ವಾಸಕೋಶಗಳ ರೋಗ, ವಿದ್ಯುತ್ ಉಪಕರಣಗಳ ಬಳಕೆ - ಇಷ್ಟನ್ನೂ ಓದಿದ ಮೇಲೆ ವಿದ್ಯಾರ್ಥಿ ಆಸ್ಪತ್ರೆಯ ವಾರ್ಡಿಗೆ ಇಳಿಯುತ್ತಾನೆ. ಅಲ್ಲಿ ಅವನು ಕಲಿಯುವ ದೊಡ್ಡ ಪಾಠ ಎಲ್ಲಿ ಕೈ ಇಡಬೇಕು ಎಂಬುದಲ್ಲ, ಯಾವಾಗ ಕೈ ಇಡಬಾರದು ಎಂಬುದು.

ಉದಾಹರಣೆಗೆ ಪಾರ್ಶ್ವವಾಯು ಬಡಿದವರ ವಿಷಯ. ಬಿದ್ದ ಕೈಯಲ್ಲಿ ಸ್ನಾಯುಗಳ ಹಿಡಿತ ಇರುವುದಿಲ್ಲ, ಭುಜದ ಕೀಲು ಸಡಿಲವಾಗಿರುತ್ತದೆ. ಅಂಥವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಆ ಕೈಯನ್ನೇ ಹಿಡಿದೆಳೆದರೆ ಕೀಲು ಜಾರುತ್ತದೆ. ಆಮೇಲೆ ಕೈಗೆ ಶಕ್ತಿ ಬಂದರೂ ಭುಜದ ನೋವು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಬಿಸಿ ಶಾಖ ಕೊಟ್ಟರೆ ಚರ್ಮ ಸುಟ್ಟದ್ದೂ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಹುಣ್ಣಾಗಿರುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮೀನಖಂಡ ಬಾತುಕೊಂಡಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಳಿಯದೆ ತಿಕ್ಕಿದರೆ ಹೆಪ್ಪು ಹೊರಟು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ರಾತ್ರಿ ಹೆಚ್ಚಾಗುವ, ಜ್ವರದೊಂದಿಗೆ ಬರುವ, ಮೈ ಇಳಿಸುವ ಬೆನ್ನುನೋವು ಬರೇ ಉಳುಕಲ್ಲ. ಅದರ ಹಿಂದೆ ಬೆನ್ನೆಲುಬಿನ ಕ್ಷಯ ಇರಬಹುದು, ಗಡ್ಡೆ ಇರಬಹುದು. ಅಲ್ಲಿ ಫಿಸಿಯೋಥೆರಪಿಸ್ಟ್ ಮಾಡಬೇಕಾದ ಮೊದಲ ಚಿಕಿತ್ಸೆಯೆಂದರೆ ಕೈ ತೆಗೆದು ‘ಡಾಕ್ಟರರನ್ನು ನೋಡಿ’ ಎನ್ನುವುದೇ.

ಕೈಗುಣ ದೇವರು ಕೊಟ್ಟದ್ದಿರಬಹುದು. ಈ ತಿಳಿವಳಿಕೆ ಮಾತ್ರ ಕಲಿತೇ ಬರಬೇಕು. ನೋಂದಣಿ, ಪರವಾನಿಗೆ ಎಂದು ಲೋಕವೆಲ್ಲ ಗಲಾಟೆ ಮಾಡುವುದು ಇದಕ್ಕಾಗಿಯೇ.

ಮಾನ ಉಳಿಸಿಕೊಳ್ಳಲು ಹುಟ್ಟಿದ ಸಂಘ

ಈ ಗಲಾಟೆ ಇಂದು ನಿನ್ನೆಯದಲ್ಲ. 1894ರಲ್ಲಿ ಲಂಡನ್ನಿನಲ್ಲಿ ‘ಮಸಾಜ್ ಮನೆ’ಗಳ ಹೆಸರಿನಲ್ಲಿ ಬೇರೆಯೇ ವ್ಯಾಪಾರ ನಡೆಯುತ್ತಿದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ಪ್ರಾಮಾಣಿಕವಾಗಿ ರೋಗಿಗಳ ಅಂಗಮರ್ದನ ಮಾಡುತ್ತಿದ್ದ ನರ್ಸುಗಳು ತಲೆ ಎತ್ತಿ ನಡೆಯುವಂತಿರಲಿಲ್ಲ. ಆಗ ನಾಲ್ವರು ನರ್ಸುಗಳು ಸೇರಿ ತರಬೇತಿ ಪಡೆದವರ ಸಂಘವೊಂದನ್ನು ಕಟ್ಟಿದರು. ಪರೀಕ್ಷೆ ಇಟ್ಟರು, ನಡತೆಯ ನಿಯಮ ಬರೆದರು, ತೇರ್ಗಡೆಯಾದವರ ಪಟ್ಟಿ ಮಾಡಿದರು. ಇಂದಿನ ಬ್ರಿಟನ್ನಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯ ಮೂಲ ಅದು. ಕಳ್ಳರಿಂದ ಸಾಚಾಗಳನ್ನು ಬೇರ್ಪಡಿಸುವುದಕ್ಕೇ ಪಟ್ಟಿ ಹುಟ್ಟಿತು ಎಂಬುದು ಗಮನಿಸಬೇಕಾದ ಮಾತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಪೋಲಿಯೊ ಹಾವಳಿಯಿಂದಾಗಿ. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೊದಿಂದ ಕಾಲು ಕಳೆದುಕೊಂಡ ಮಕ್ಕಳಿಗಾಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಆರಂಭವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ರೂಪುಗೊಂಡಿತು. ಆದರೆ ಸಂಘ ಎಂದರೆ ಸಂಘ. ಅದರ ಸದಸ್ಯತ್ವ ಮನಸ್ಸಿದ್ದವರಿಗೆ ಮಾತ್ರ, ಕಾನೂನಿನ ಬಲ ಅದಕ್ಕಿರಲಿಲ್ಲ.

ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ಕಾಯಿದೆ ಮಾಡಿಕೊಂಡವು. ದಿಲ್ಲಿ 1997ರಲ್ಲಿ, ಮಹಾರಾಷ್ಟ್ರ 2002ರ ಕಾಯಿದೆಯಿಂದ, ಗುಜರಾತ್ 2011ರಲ್ಲಿ ಫಿಸಿಯೋಥೆರಪಿ ಪರಿಷತ್ತಿಗೆ ದಾರಿ ಮಾಡಿದವು. ಕರ್ನಾಟಕ ಮಾಡಲಿಲ್ಲ. ವಿಪರ್ಯಾಸವೆಂದರೆ ಕಾಲೇಜುಗಳಿಗೆ ಕೊರತೆ ಇದ್ದದ್ದು ಬೇರೆ ರಾಜ್ಯಗಳಲ್ಲಿ, ನಮ್ಮಲ್ಲಲ್ಲ! 1990ರ ದಶಕದಲ್ಲಿ ಮಂಗಳೂರಿನ ಸುತ್ತಮುತ್ತ ಫಿಸಿಯೋಥೆರಪಿ ಕಾಲೇಜುಗಳು ಒಂದಾದ ಮೇಲೊಂದು ತಲೆಯೆತ್ತಿದವು. ಕೇರಳದಿಂದ ಮಕ್ಕಳು ಬಂದು ಸೇರಿದರು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಪಠ್ಯ, ಪರೀಕ್ಷೆಗಳಿಗೆ ಒಂದು ಶಿಸ್ತು ಬಂತು. ಮುಂದೆ ಮೂಡುಬಿದಿರೆಯಲ್ಲೇ ಆಳ್ವಾಸ್ ಫಿಸಿಯೋಥೆರಪಿ ಕಾಲೇಜು ಆರಂಭವಾಗಿ ಹಳ್ಳಿಯ ಮಕ್ಕಳು ಬಸ್ಸಿನಲ್ಲಿ ಹೋಗಿ ಬಂದು ಈ ವಿದ್ಯೆ ಕಲಿಯುವಂತಾಯಿತು. ಓದಿಸುವ ವ್ಯವಸ್ಥೆ ಇತ್ತು, ಓದಿದವರ ಪಟ್ಟಿ ಇಡುವ ವ್ಯವಸ್ಥೆ ಇರಲಿಲ್ಲ.

ಇದ್ದದ್ದು ಒಂದೇ - ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007. ಜನರ ಬಾಯಲ್ಲಿ ‘ಕೆಪಿಎಂಇ’. ಇದರಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂಗಳ ಜತೆ ಫಿಸಿಯೋಥೆರಪಿ ಕೇಂದ್ರಗಳ ಹೆಸರೂ ಇದೆ. ಕೇಂದ್ರ ತೆರೆಯುವವರು ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಆದರೆ ಈ ಕಾಯಿದೆಯ ಕಣ್ಣಿರುವುದು ಮುಖ್ಯವಾಗಿ ಸಂಸ್ಥೆಯ ಮೇಲೆ. ಕೊಠಡಿಗೆ ನೋಂದಣಿ ಇತ್ತು, ಕೊಠಡಿಯೊಳಗೆ ಕೈಯಾಡಿಸುವವರಿಗೆ ಇರಲಿಲ್ಲ.

2021ರಲ್ಲಿ ಬಂದ ಬದಲಾವಣೆ

ಈ ಕೊರತೆ ಇಡೀ ದೇಶದ್ದೇ ಆಗಿತ್ತು. 2018ರ ಕೊನೆಗೆ ಸಂಸತ್ತಿನಲ್ಲಿ ಮಸೂದೆಯೊಂದು ಮಂಡನೆಯಾಯಿತು. ಅದು ಸಮಿತಿ, ತಿದ್ದುಪಡಿ ಎಂದೆಲ್ಲ ಸುತ್ತಿ 2020ರಲ್ಲಿ ಹೊಸ ರೂಪದಲ್ಲಿ ಬಂದು, 2021ರ ಮಾರ್ಚ್ ತಿಂಗಳಲ್ಲಿ ಎರಡೂ ಸದನಗಳ ಒಪ್ಪಿಗೆ ಪಡೆಯಿತು. ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಮೇ 25ರಿಂದ ಜಾರಿಗೆ ಬಂತು. ಹೆಸರು ಉದ್ದ: ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯಿದೆ. ಡಾಕ್ಟರು, ದಂತವೈದ್ಯರು, ನರ್ಸು, ಫಾರ್ಮಸಿಸ್ಟರನ್ನು ಬಿಟ್ಟು ಆಸ್ಪತ್ರೆಯಲ್ಲಿ ದುಡಿಯುವ ಲ್ಯಾಬ್ ತಂತ್ರಜ್ಞರು, ಎಕ್ಸ್‌ರೇಯವರು, ಆಹಾರತಜ್ಞರು ಮೊದಲಾದ ಹತ್ತು ವರ್ಗಗಳನ್ನು ಇದು ಒಳಗೊಂಡಿದೆ. ಅವುಗಳಲ್ಲಿ ಫಿಸಿಯೋಥೆರಪಿಗೆ ಪ್ರತ್ಯೇಕ ವರ್ಗವೇ ಇದೆ.

ಕಾಯಿದೆಯ ಅನುಸೂಚಿಯಲ್ಲಿ ಫಿಸಿಯೋಥೆರಪಿಸ್ಟ್ ಎಂದರೆ ಯಾರು ಎಂಬುದನ್ನು ಬರೆದಿದ್ದಾರೆ. ಚಲನೆಯ ತೊಂದರೆ, ಅಂಗವೈಕಲ್ಯ, ನೋವುಗಳಿಗೆ ಸಂಬಂಧಿಸಿ ರೋಗಿಯನ್ನು ಪರೀಕ್ಷಿಸಿ, ವ್ಯಾಯಾಮ, ಕೈಚಿಕಿತ್ಸೆ, ವಿದ್ಯುತ್ತು, ಶಾಖ ಮುಂತಾದ ಭೌತಿಕ ವಿಧಾನಗಳಿಂದ ಚಿಕಿತ್ಸೆ ಕೊಡುವವರು. ಕನಿಷ್ಠ ವಿದ್ಯಾರ್ಹತೆ ಪದವಿ. ಸ್ವತಂತ್ರವಾಗಿಯೂ ವೃತ್ತಿ ಮಾಡಬಹುದು, ಇತರ ವೈದ್ಯಕೀಯ ತಂಡದೊಂದಿಗೂ ಮಾಡಬಹುದು. ‘ಸ್ವತಂತ್ರವಾಗಿ’ ಎಂಬ ಆ ಒಂದು ಶಬ್ದಕ್ಕಾಗಿ ಈ ವೃತ್ತಿಯವರು ದಶಕಗಳ ಕಾಲ ಕಾದಿದ್ದರು. ಆದರೆ ಸ್ವಾತಂತ್ರ್ಯ ಬಂದಾಗ ಹೊಣೆಯೂ ಬರುತ್ತದೆ. ಡಾಕ್ಟರರ ಚೀಟಿಯ ಮರೆಯಲ್ಲಿ ನಿಲ್ಲಲು ಇನ್ನು ಆಗುವುದಿಲ್ಲ.

ದಿಲ್ಲಿಯಲ್ಲಿ ರಾಷ್ಟ್ರೀಯ ಆಯೋಗ, ರಾಜ್ಯಗಳಲ್ಲಿ ರಾಜ್ಯ ಪರಿಷತ್ತು, ಎರಡು ಕಡೆಯೂ ನೋಂದಣಿ ಪುಸ್ತಕ - ಇದು ಕಾಯಿದೆಯ ಚೌಕಟ್ಟು. ಆರು ತಿಂಗಳೊಳಗೆ ರಾಜ್ಯ ಪರಿಷತ್ತುಗಳು ಆಗಬೇಕೆಂದು ಬರೆದಿತ್ತು. ಆರು ತಿಂಗಳು ಹೋಗಿ ವರ್ಷಗಳೇ ಉರುಳಿದವು. ಕೊನೆಗೆ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಲಯ, ಅಕ್ಟೋಬರ್ 12ರೊಳಗೆ ಕಾಯಿದೆಯನ್ನು ಜಾರಿ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಗಡುವು ಕೊಟ್ಟಿತು. ಕರ್ನಾಟಕದಲ್ಲೂ ರಾಜ್ಯ ಪರಿಷತ್ತು ರಚನೆಯಾಗಿದೆ.

ಹೊಸಬರು ನಡೆಯಬೇಕಾದ ದಾರಿ

ಹಾಗಾದರೆ ಈಗ ಕಾಲೇಜಿನಿಂದ ಹೊರಬರುವ ಹುಡುಗಿಯೊಬ್ಬಳು ಏನೇನು ಮಾಡಬೇಕು?

ಪಿಯುಸಿಯಲ್ಲಿ ವಿಜ್ಞಾನ ಓದಿ, ನಾಲ್ಕು ವರ್ಷದ ಬಿ.ಪಿ.ಟಿ. ತರಗತಿ ಮುಗಿಸಿ, ಆರು ತಿಂಗಳು ಇಂಟರ್ನ್‌ಶಿಪ್ ಮಾಡುವುದು ಇದುವರೆಗಿನ ಕ್ರಮ. ರಾಷ್ಟ್ರೀಯ ಆಯೋಗ 2025ರಲ್ಲಿ ಹೊರಡಿಸಿದ ಹೊಸ ಪಠ್ಯಕ್ರಮದಲ್ಲಿ ಒಟ್ಟು ಐದು ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಪುಸ್ತಕದ ಓದಿಗಿಂತ ರೋಗಿಯ ಪಕ್ಕದ ಓದಿಗೆ ತೂಕ ಹೆಚ್ಚಿದೆ ಎಂಬುದು ಇದರ ಅರ್ಥ.

ಪದವಿ ಕೈಗೆ ಬಂತು. ಇಷ್ಟರವರೆಗೆ ಇದೇ ಕೊನೆಯ ಮೆಟ್ಟಿಲಾಗಿತ್ತು, ಇನ್ನು ಇದು ಮೊದಲ ಮೆಟ್ಟಿಲು. ವಿಶ್ವವಿದ್ಯಾಲಯದ ಪ್ರಮಾಣಪತ್ರ, ಅಂಕಪಟ್ಟಿ, ಇಂಟರ್ನ್‌ಶಿಪ್ ಮುಗಿಸಿದ ದಾಖಲೆಗಳೊಂದಿಗೆ ರಾಜ್ಯ ಪರಿಷತ್ತಿಗೆ ಅರ್ಜಿ ಹಾಕಬೇಕು. ಪರಿಶೀಲನೆಯಾದ ಮೇಲೆ ಹೆಸರು ರಾಜ್ಯದ ನೋಂದಣಿ ಪುಸ್ತಕ ಸೇರುತ್ತದೆ, ನೋಂದಣಿ ಪತ್ರ ಸಿಗುತ್ತದೆ. ಪುಸ್ತಕದಲ್ಲಿ ಹೆಸರಿಲ್ಲದವರು ವೃತ್ತಿ ಮಾಡುವಂತಿಲ್ಲ ಎಂಬುದು ಕಾಯಿದೆಯ ಮೂಲ ಮಾತು. ನೋಂದಣಿ ಇಲ್ಲದೆ ಇದೆಯೆಂದು ಸುಳ್ಳು ಹೇಳಿದರೆ ಮೊದಲ ಸಲಕ್ಕೆ ಐವತ್ತು ಸಾವಿರ ರೂಪಾಯಿಯವರೆಗೆ ದಂಡ. ಮತ್ತೆ ಅದೇ ಚಾಳಿ ಮುಂದುವರಿಸಿದರೆ ಸೆರೆಮನೆಯ ದಾರಿಯೂ ಇದೆ.

ಪದವಿಯ ನಂತರ ಮತ್ತೊಂದು ಪರೀಕ್ಷೆ ಬರೆಯಬೇಕೇ? ನಿರ್ಗಮನ ಅಥವಾ ಪರವಾನಿಗೆ ಪರೀಕ್ಷೆ ನಡೆಸುವ ಅವಕಾಶವನ್ನು ಕಾಯಿದೆ ಆಯೋಗಕ್ಕೆ ಕೊಟ್ಟಿದೆ. ಇಂದು ಕಾಲೇಜು ಸೇರುವ ಮಕ್ಕಳು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದುವುದು ಒಳ್ಳೆಯದು.

ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವವರಿಗೆ ಇಷ್ಟು ಸಾಕು. ಬಿ.ಸಿ. ರೋಡಿನಲ್ಲೋ ಬೆಳ್ತಂಗಡಿ ಪೇಟೆಯಲ್ಲೋ ಸ್ವಂತ ಕೇಂದ್ರ ತೆರೆಯಬೇಕೆಂದರೆ ಎರಡನೆಯ ನೋಂದಣಿಯೂ ಬೇಕು, ಅದೇ ಹಳೆಯ ಕೆಪಿಎಂಇ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರದಿಂದ ಐದು ವರ್ಷದ ಅವಧಿಗೆ ಪ್ರಮಾಣಪತ್ರ ಸಿಗುತ್ತದೆ, ಅದನ್ನು ಬಂದವರಿಗೆಲ್ಲ ಕಾಣುವಂತೆ ತೂಗು ಹಾಕಬೇಕು. ಒಂದು ಕಾಗದ ವ್ಯಕ್ತಿಯದ್ದು, ಇನ್ನೊಂದು ಕೇಂದ್ರದ್ದು. ಒಂದಿದ್ದರೆ ಇನ್ನೊಂದು ಬೇಡ ಎಂದು ತಿಳಿದವರು ಎಡವುತ್ತಾರೆ.

ಮನೆಯವರು ಸಾಲ ಮಾಡಿ ಓದಿಸಿದ ಮಕ್ಕಳಿಗೆ ಈ ಓಡಾಟ ಹೊರೆಯೆನಿಸುವುದು ಸಹಜ. ಹೊಸ ಪದವೀಧರರಿಗೆ ಸಿಗುವ ಸಂಬಳ ಓದಿನ ಖರ್ಚಿಗೆ ತಾಳೆಯಾಗುವುದಿಲ್ಲ ಎಂಬ ದೂರು ಹಳೆಯದು. ಆದರೂ ಈ ಪುಸ್ತಕ ಅವರ ಪರವಾಗಿಯೇ ಇದೆ. ಆರು ತಿಂಗಳ ಏನೋ ತರಬೇತಿಯ ಕಾಗದ ತೂಗು ಹಾಕಿ, ಎರಡು ಮೆಷಿನ್ ತಂದಿಟ್ಟು, ಪಕ್ಕದಲ್ಲೇ ‘ಫಿಸಿಯೋಥೆರಪಿ’ ಎಂದು ಬೋರ್ಡು ಹಾಕಿ ಅರ್ಧ ದರಕ್ಕೆ ಕೂರುವವರ ಎದುರು ಇದುವರೆಗೆ ಪದವೀಧರರಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ದುಬೈಯಲ್ಲಿ ಒಂದು, ಊರಲ್ಲಿ ಒಂದು

ಕರಾವಳಿಯ ಮನೆಗಳಲ್ಲಿ ಗಲ್ಫಿನ ಸುದ್ದಿ ಹೊಸತಲ್ಲ. ಇಲ್ಲಿ ಓದಿದ ಫಿಸಿಯೋಥೆರಪಿಸ್ಟರು ದುಬೈಗೆ, ಸೌದಿಗೆ, ಇಂಗ್ಲೆಂಡಿಗೆ ಹೋಗಿದ್ದಾರೆ. ಅಲ್ಲಿನ ಕತೆ ಕೇಳಿದರೆ ಆಶ್ಚರ್ಯವಾಗುತ್ತದೆ.

ದುಬೈಯಲ್ಲಿ ರೋಗಿಯನ್ನು ಮುಟ್ಟುವ ಮೊದಲು ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಿಗೆ ಬೇಕು. ಅರ್ಜಿದಾರರು ಕೊಟ್ಟ ಪದವಿ ಪತ್ರ ನಿಜವೇ ಎಂದು ಅದನ್ನು ಕೊಟ್ಟ ಸಂಸ್ಥೆಯಿಂದಲೇ ಕೇಳಿ ತಿಳಿಯುತ್ತಾರೆ, ಪರೀಕ್ಷೆಯೂ ಇರುತ್ತದೆ. ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯವೂ ಪ್ರತ್ಯೇಕ ಲೈಸನ್ಸ್ ಕೊಡುತ್ತದೆ, ಅದಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ತೇರ್ಗಡೆಯಾಗಬೇಕು. ಬ್ರಿಟನ್ನಿನಲ್ಲಿ ‘ಫಿಸಿಯೋಥೆರಪಿಸ್ಟ್’ ಎಂಬ ಶಬ್ದವೇ ಕಾನೂನಿನ ರಕ್ಷಣೆಯಲ್ಲಿದೆ. ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲಿನ ಪಟ್ಟಿಯಲ್ಲಿ ಇಲ್ಲದವರು ಆ ಹೆಸರು ಹಾಕಿಕೊಂಡರೆ ಅಪರಾಧ. ಆ ಪಟ್ಟಿಯನ್ನು ಯಾವ ರೋಗಿ ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು.

ನಮ್ಮ ಮಕ್ಕಳು ಅಲ್ಲಿ ಅರ್ಜಿ ಹಾಕಿದಾಗ ಎದುರಾಗುತ್ತಿದ್ದ ಪ್ರಶ್ನೆ: ‘ನಿಮ್ಮ ಊರಿನ ಪರಿಷತ್ತಿನಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ?’ ಪರಿಷತ್ತೇ ಇಲ್ಲದ ಊರಿನವರು ಏನು ಹೇಳಬೇಕು? ದುಬೈಯ ರೋಗಿಗೆ ಇಷ್ಟು ಕಾವಲು ಇರುವಾಗ ಬಂಟ್ವಾಳದ ರೋಗಿಗೆ ಬೇಡವೇ? ಎಲುಬು ಎಲ್ಲಿಯದ್ದಾದರೂ ಎಲುಬೇ ಅಲ್ಲವೇ?

ಕೊಕ್ಕಡದ ಮಕ್ಕಳು, ಮರದಿಂದ ಬಿದ್ದವರು

ಈ ಕಾಯಿದೆಯ ನಿಜವಾದ ಪರೀಕ್ಷೆ ನಡೆಯುವುದು ಪೇಟೆಯಲ್ಲಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದ ಕತೆ ಜಿಲ್ಲೆಗೆಲ್ಲ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಆದರೆ ಅದಕ್ಕೆ ಬಲಿಯಾದ ಮಕ್ಕಳು ಹಾಗೆಯೇ ಉಳಿದರು. ಕೈಕಾಲು ಸೆಟೆದುಕೊಂಡವರು, ಕುತ್ತಿಗೆ ನಿಲ್ಲದವರು, ಇಪ್ಪತ್ತು ದಾಟಿದರೂ ಅಮ್ಮನ ಸೊಂಟದ ಮೇಲೆಯೇ ಇರುವವರು. ಅವರಿಗೆ ಗುಳಿಗೆಯಿಂದ ಆಗುವುದು ಸ್ವಲ್ಪ. ದಿನವೂ ಕೀಲುಗಳನ್ನು ಮೆಲ್ಲಗೆ ಆಡಿಸಿ, ಸ್ನಾಯು ಗಟ್ಟಿಯಾಗದಂತೆ ನೋಡಿಕೊಳ್ಳುವುದೇ ದೊಡ್ಡ ಮದ್ದು. ಕೊಕ್ಕಡದಲ್ಲಿ ಇವರಿಗಾಗಿ ಪಾಲನಾ ಕೇಂದ್ರ ಆರಂಭವಾದದ್ದು, ಅಲ್ಲಿ ಫಿಸಿಯೋಥೆರಪಿ ಬೇಕೇ ಬೇಕು ಎಂದು ಹೋರಾಟಗಾರರು ಪಟ್ಟು ಹಿಡಿದದ್ದು ಈ ಕಾರಣಕ್ಕೇ.

ಇನ್ನೊಂದು, ಮರದಿಂದ ಬೀಳುವವರು. ಅಡಿಕೆಗೆ ಮದ್ದು ಬಿಡುವ ಮಳೆಗಾಲ, ಕೊಯ್ಲಿನ ಕಾಲ ಬಂತೆಂದರೆ ಒಂದಾದರೂ ಸುದ್ದಿ ಬಾರದಿರುವುದಿಲ್ಲ. ಉದ್ದ ದೋಟಿ, ಮರ ಏರುವ ಯಂತ್ರ ಬಂದಿದ್ದರೂ ಮರ ಹತ್ತುವವರು ಹತ್ತುತ್ತಲೇ ಇದ್ದಾರೆ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದಿಂದ ಕೆಳಗೆ ಸ್ವಾಧೀನ ಹೋಗುತ್ತದೆ. ಆಸ್ಪತ್ರೆಯವರು ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕಳಿಸುತ್ತಾರೆ. ನಿಜವಾದ ಕಷ್ಟ ಆಮೇಲೆ ಶುರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣು, ಕಾಲನ್ನು ಆಡಿಸದಿದ್ದರೆ ಕೀಲು ಬಿಗಿತ, ಗಾಲಿಕುರ್ಚಿಗೆ ಏರುವುದು ಇಳಿಯುವುದು ತಿಳಿಯದಿದ್ದರೆ ಜೀವನವಿಡೀ ಹಾಸಿಗೆ. ಕೊಕ್ಕಡದ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿ ನಡೆಸುವ ಸೇವಾಧಾಮ ಇಂಥವರಿಗೆಂದೇ ಇರುವ ಪುನಶ್ಚೇತನ ಕೇಂದ್ರ. ಬೆನ್ನುಹುರಿಯ ಪೆಟ್ಟನ್ನು ಸ್ವತಃ ಉಂಡವರೇ ಅದರ ಹಿಂದೆ ಇದ್ದಾರೆ ಎಂಬುದು ವಿಶೇಷ.

ಇಂಥ ರೋಗಿಗೆ ತಪ್ಪು ಕೈ ತಗಲಿದರೆ ಏನಾದೀತು? ಸ್ಪರ್ಶವಿಲ್ಲದ ಕಾಲಿಗೆ ಬಿಸಿ ಶಾಖ, ಬಿಗಿದ ಕೀಲಿಗೆ ಬಲಪ್ರಯೋಗ. ರೋಗಿಗೆ ನೋವೂ ಗೊತ್ತಾಗುವುದಿಲ್ಲ, ದೂರಲು ಬಾಯೂ ಇರುವುದಿಲ್ಲ. ಎಂಡೋಸಲ್ಫಾನ್ ಪೀಡಿತ ಮಗುವಂತೂ ‘ನೋಯುತ್ತದೆ’ ಎಂದು ಹೇಳಲಾರದು. ನೋಂದಣಿ ಪುಸ್ತಕ ಬೇಕಾಗಿರುವುದು ಮೊದಲು ಇವರಿಗೆ. ಕೆಟ್ಟ ಚಿಕಿತ್ಸೆಯ ಮೇಲೆ ಪರಿಷತ್ತಿಗೆ ದೂರು ಕೊಡಬಹುದು. ವೃತ್ತಿಗೆ ತಕ್ಕುದಲ್ಲದ ನಡತೆ ಸಾಬೀತಾದರೆ, ಅವರ ಅಹವಾಲನ್ನೂ ಕೇಳಿದ ಮೇಲೆ, ಹೆಸರನ್ನು ಪುಸ್ತಕದಿಂದ ತೆಗೆದುಹಾಕುವ ಅಧಿಕಾರ ಪರಿಷತ್ತಿಗಿದೆ. ಹೆಸರು ಬರೆದುಕೊಳ್ಳುವ ಪುಸ್ತಕಕ್ಕೆ ಬೆಲೆ ಬರುವುದು ಹೆಸರು ಹೊಡೆದುಹಾಕಲೂ ಬರುತ್ತದೆ ಎಂಬುದರಿಂದ.

ಆದರೆ ಒಂದು ಮಾತನ್ನು ಮರೆಯಬಾರದು. ಕಾಯಿದೆ ನಕಲಿಗಳನ್ನು ತಡೆಯಬಹುದು, ಅಸಲಿಗಳನ್ನು ಹಳ್ಳಿಗೆ ಕಳಿಸಲಾರದು. ದಿಡುಪೆಯಿಂದಲೋ ನೆರಿಯದಿಂದಲೋ ವಾರಕ್ಕೆ ಮೂರು ದಿನ ರೋಗಿಯನ್ನು ರಿಕ್ಷಾದಲ್ಲಿ ಉಜಿರೆಗೆ, ಬೆಳ್ತಂಗಡಿಗೆ ಕರೆತರಬೇಕಾದರೆ ಬಾಡಿಗೆಯೂ ಹೋಯಿತು, ಜತೆಗೆ ಬಂದವರ ಕೂಲಿಯೂ ಹೋಯಿತು. ಎರಡು ವಾರ ಬಂದು ಬಿಟ್ಟುಬಿಡುತ್ತಾರೆ. ಪಕ್ಕದ ಮನೆಯಲ್ಲೇ ಎಣ್ಣೆ ಹಚ್ಚುವವರಿದ್ದರೆ ಅವರ ಕೈಗೇ ಒಪ್ಪಿಸುತ್ತಾರೆ. ಅವರನ್ನು ತಪ್ಪೆಂದು ಹೇಳುವುದು ಹೇಗೆ? ತಾಲೂಕು ಆಸ್ಪತ್ರೆಗಳಲ್ಲಿ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಫಿಸಿಯೋಥೆರಪಿಸ್ಟರ ಹುದ್ದೆ ಹೆಚ್ಚಾಗದೆ, ಮನೆಗೇ ಹೋಗಿ ಚಿಕಿತ್ಸೆ ಕೊಡುವ ವ್ಯವಸ್ಥೆ ಬೆಳೆಯದೆ ಪುಸ್ತಕವೊಂದರಿಂದ ಎಲ್ಲವೂ ಸರಿಹೋಗುವುದಿಲ್ಲ. ಸರಕಾರ ಹೊಸಬರಿಂದ ನೋಂದಣಿ ಕೇಳುವುದು ಸರಿ. ನೋಂದಾಯಿಸಿದವರಿಗೆ ಹಳ್ಳಿಯಲ್ಲಿ ಕೆಲಸ ಮಾಡಲು ದಾರಿ ಮಾಡಿಕ

ೊಡುವುದೂ ಅದರ ಹೊಣೆಯೇ.

ಪಂಡಿತರ ಗತಿ ಏನು?

ಹಾಗಾದರೆ ಎಲುಬು ಕಟ್ಟುವ ನಾಟಿ ವೈದ್ಯರು? ಈ ಕಾಯಿದೆ ಅವರನ್ನು ಕುರಿತು ಬರೆದದ್ದಲ್ಲ. ಅವರ ಪರಂಪರೆಯ ಪ್ರಶ್ನೆ ಬೇರೆಯೇ. ಉಜಿರೆ, ಧರ್ಮಸ್ಥಳ ಕಡೆ ಜನರಿಗೆ ಪರಿಚಿತವಾದ ಪ್ರಕೃತಿ ಚಿಕಿತ್ಸೆಯೂ ಬೇರೆ ಪದ್ಧತಿ, ಅದಕ್ಕೆ ಅದರದ್ದೇ ಪದವಿ ಇದೆ. ಕಾಯಿದೆ ಹೇಳುವುದು ಇಷ್ಟೇ: ಯಾರು ಏನು ಕಲಿತಿದ್ದಾರೋ ಆ ಹೆಸರಿನಲ್ಲೇ ಕರೆದುಕೊಳ್ಳಲಿ. ಫಿಸಿಯೋಥೆರಪಿ ಕಲಿಯದೆ ಫಿಸಿಯೋಥೆರಪಿಸ್ಟ್ ಎಂದು ಬೋರ್ಡು ಹಾಕಬಾರದು.

ಹೆಸರಿನ ಹಿಂದೆ ಮುಂದೆ ಏನು ಹಾಕಬೇಕೆಂಬ ಜಗಳ ಮಾತ್ರ ಇನ್ನೊಂದು ಕಡೆ ನಡೆದಿದೆ. 2025ರ ಹೊಸ ಪಠ್ಯಕ್ರಮ, ಫಿಸಿಯೋಥೆರಪಿಸ್ಟರು ಹೆಸರಿನ ಮೊದಲು ‘ಡಾ.’ ಎಂದೂ ಕೊನೆಗೆ ‘ಪಿಟಿ’ ಎಂದೂ ಬರೆಯಬಹುದೆಂದಿತು. ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದು ಕೂಡದೆಂದು ಪತ್ರ ಬರೆಯಿತು. ಮರುದಿನವೇ ಆ ಪತ್ರವನ್ನು ಹಿಂದಕ್ಕೆ ಪಡೆಯಿತು! ಎಂ.ಬಿ.ಬಿ.ಎಸ್. ಓದಿದ ಡಾಕ್ಟರರ ಸಂಘಗಳು ಇದನ್ನು ವಿರೋಧಿಸುತ್ತಿವೆ, ಫಿಸಿಯೋಥೆರಪಿಸ್ಟರು ತಮ್ಮ ಹಕ್ಕು ಎನ್ನುತ್ತಿದ್ದಾರೆ. ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತಿರುವ ರೋಗಿಗೆ ಈ ಎರಡಕ್ಷರದಿಂದ ಆಗಬೇಕಾದ್ದು ಏನೂ ಇಲ್ಲ. ಅವರಿಗೆ ಬೇಕಾದದ್ದು ಹೆಸರಿನ ಕೆಳಗೆ ಬರುವ ನೋಂದಣಿ ಸಂಖ್ಯೆ.

ರೋಗಿ ಕೇಳಬೇಕಾದದ್ದು

ಕೇಳುವುದಕ್ಕೆ ನಮ್ಮವರಿಗೆ ಸಂಕೋಚ. ‘ಡಾಕ್ಟ್ರಿಗೆ ಬೇಸರವಾದರೆ?’ ಎಂಬ ಅಳುಕು. ನಿಜವಾಗಿ ಕಲಿತವರಿಗೆ ಬೇಸರವಾಗುವುದಿಲ್ಲ. ನಾಲ್ಕು ಪ್ರಶ್ನೆಗಳಷ್ಟೇ ಸಾಕು.

ಒಂದು: ನೀವು ಓದಿದ್ದು ಏನು, ಎಲ್ಲಿ? ಬಿ.ಪಿ.ಟಿ. ಅಥವಾ ಅದಕ್ಕಿಂತ ಮೇಲಿನ ಎಂ.ಪಿ.ಟಿ. ಎಂಬ ಉತ್ತರ ಬರಬೇಕು.

ಎರಡು: ರಾಜ್ಯ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಆಗಿದೆಯೇ? ಪರಿಷತ್ತು ಹೊಸತಾದ್ದರಿಂದ ಹಿಂದಿನಿಂದ ಪ್ರಾಮಾಣಿಕವಾಗಿ ವೃತ್ತಿ ಮಾಡುತ್ತಿರುವವರ ಅರ್ಜಿಯೂ ಇನ್ನೂ ದಾರಿಯಲ್ಲಿರಬಹುದು. ಹಾಗಿದ್ದರೆ ಅದನ್ನೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ.

ಮೂರು: ಕೇಂದ್ರಕ್ಕೆ ಕೆಪಿಎಂಇ ಪ್ರಮಾಣಪತ್ರ ಇದೆಯೇ? ಇದನ್ನು ಬಾಯಿಬಿಟ್ಟು ಕೇಳಬೇಕಾಗಿಯೂ ಇಲ್ಲ, ಗೋಡೆ ನೋಡಿದರಾಯಿತು.

ನಾಲ್ಕು: ಮನೆಯಲ್ಲಿ ನಾವೇನು ಮಾಡಬೇಕು? ಒಳ್ಳೆಯ ಫಿಸಿಯೋಥೆರಪಿಸ್ಟ್ ರೋಗಿಯನ್ನು ಮೆಷಿನ್ನಿಗೆ ಕಟ್ಟಿಹಾಕುವುದಿಲ್ಲ. ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಮನೆಯವರಿಗೆ ಕಲಿಸುತ್ತಾರೆ, ಮುಂದಿನ ಸಲ ಬಂದಾಗ ಮಾಡಿಸಿ ನೋಡುತ್ತಾರೆ. ಬೇಗ ಗುಣವಾಗಿ ಬಾರದಿರುವ ಹಾಗೆ ಮಾಡುವುದೇ ಅವರ ಉದ್ದೇಶ. ದಿನಾ ಬಂದು ಕರೆಂಟು ಇಡಿಸಿಕೊಂಡು ಹೋಗಿ ಎಂದಷ್ಟೇ ಹೇಳುವಲ್ಲಿ ಒಮ್ಮೆ ಯೋಚಿಸಬೇಕು.

ಕೈಗುಣವನ್ನು ಯಾವ ಪರಿಷತ್ತೂ ಅಳೆಯಲಾರದು, ಯಾವ ಪುಸ್ತಕದಲ್ಲೂ ಬರೆಯಲಾರದು. ನೋಂದಣಿ ಇದ್ದವರೆಲ್ಲ ಒಳ್ಳೆಯವರೆಂದೂ ಅರ್ಥವಲ್ಲ. ಆದರೆ ಆ ಕೈ ಕಲಿತ ಕೈ, ತಪ್ಪಿದರೆ ಉತ್ತರ ಕೊಡಬೇಕಾದ ಕೈ ಎಂಬ ಧೈರ್ಯ ರೋಗಿಗೆ ಬೇಕು. ಈ ವರ್ಷ ಮೂಡುಬಿದಿರೆಯಿಂದಲೋ ಮಂಗಳೂರಿನಿಂದಲೋ ಪದವಿ ಮುಗಿಸಿ ಊರಿಗೆ ಬರುವ ಹುಡುಗ ಹುಡುಗಿಯರು ತಮ್ಮ ಪುಟ್ಟ ಕೊಠಡಿಯ ಗೋಡೆಗೆ ಮೊದಲು ಆ ಸಂಖ್ಯೆಯನ್ನು ತೂಗು ಹಾಕಲಿ. ಒಳಗೆ ಬರುವವರೂ ಮಲಗುವ ಮಂಚಕ್ಕಿಂತ ಮೊದಲು ಆ ಗೋಡೆಯನ್ನು ನೋಡಲು ಕಲಿಯಲಿ.